ಬ್ಯಾಟರಿ ಕಳಚಿದರೆ ಕಾರು ಏನೇನು ಮರೆಯುತ್ತದೆ?

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕುಳಿತದ್ದು ಯಾರಿಗೂ ಮರೆತಿರಲಾರದು. ನಾಲ್ಕು ಹಂತಗಳ ಆ ಲಾಕ್‌ಡೌನ್ ಮೇ 31ರ ತನಕ, ಒಟ್ಟು 68 ದಿನ ನಡೆಯಿತು. ಮನುಷ್ಯರು ಮನೆಯೊಳಗೆ ಉಳಿದರು, ಕಾರುಗಳು ಅಂಗಳದಲ್ಲಿ ಉಳಿದವು. ಹಾಗೆ ವಾರಗಟ್ಟಲೆ ಅಲುಗಾಡದೆ ನಿಂತ ಕಾರಿನ ಬೀಗದ ಕೈ ತಿರುಗಿಸಿದಾಗ ಅನೇಕ ಕಡೆ ಕೇಳಿಬಂದದ್ದು ‘ಟಕ್ ಟಕ್’ ಎಂಬ ಸದ್ದು ಮಾತ್ರ. ಬ್ಯಾಟರಿ ಬರಿದಾಗಿತ್ತು.

ಉಡುಪಿಯ ಸುತ್ತಮುತ್ತ ಇಂಥ ಸ್ಥಿತಿಗೆ ಲಾಕ್‌ಡೌನೇ ಬರಬೇಕೆಂದಿಲ್ಲ. ಕೊಲ್ಲಿ ದೇಶಗಳಲ್ಲೋ ಮುಂಬಯಿಯಲ್ಲೋ ದುಡಿಯುವವರು ರಜೆಗೆ ಬಂದು ಹೋದ ಮೇಲೆ ಕಾರು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿರುತ್ತದೆ. ಮಣಿಪಾಲದಲ್ಲಿ ಓದುವ ಹುಡುಗ ಪರೀಕ್ಷೆ ಮುಗಿಸಿ ಊರಿಗೆ ಹೊರಟರೆ ಅವನ ಕಾರಿಗೂ ರಜೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಯಲ್ಲಿ ಹಿರಿಯರು ಕಾರು ಹೊರತೆಗೆಯುವುದೇ ಅಪರೂಪ. ಕಾರ್ಕಳದ ಗೊಮ್ಮಟ 1432ರಿಂದ ಮಳೆಗೆ ಮೈಯೊಡ್ಡಿ ನಿಂತಿದ್ದಾನೆ, ನಿಜ. ಆದರೆ ಕಾರಿಗೆ ಅಷ್ಟು ತಾಳ್ಮೆಯಿಲ್ಲ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉಪಾಯ, ಬ್ಯಾಟರಿಯ ತಂತಿ ಕಳಚಿಡುವುದು. ಕೇಳಲು ಸುಲಭ. ಆದರೆ ತಪ್ಪು ಕ್ರಮದಲ್ಲಿ ಕಳಚಿದರೆ ಕೈ ಸುಡುತ್ತದೆ. ಯೋಚಿಸದೆ ಕಳಚಿದರೆ ಕಾರು ಕೆಲವು ಸಂಗತಿಗಳನ್ನು ಮರೆಯುತ್ತದೆ. ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಇದರ ಹಿಂದಿರುವುದು ಹತ್ತನೆಯ ತರಗತಿಯ ಭೌತಶಾಸ್ತ್ರವೇ.

ನಿಂತ ಕಾರಿಗೂ ಹಸಿವು

ಎಂಜಿನ್ ನಿಲ್ಲಿಸಿ ಬೀಗ ಹಾಕಿದ ಮೇಲೂ ಇಂದಿನ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ ನಡೆಯುತ್ತಿರಬೇಕು. ಕಳ್ಳರ ಎಚ್ಚರಿಕೆಯ ಗಂಟೆ ಕಾವಲಿರಬೇಕು. ದೂರದಿಂದ ಗುಂಡಿ ಒತ್ತಿದರೆ ಬಾಗಿಲು ತೆರೆಯಬೇಕು. ಇವಕ್ಕೆಲ್ಲ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪೇರ್‌ನಷ್ಟು ವಿದ್ಯುತ್ತು ಸದಾ ಹರಿಯುತ್ತಿರುತ್ತದೆ.

ಇದು ತೀರ ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡಿ. 50 ಮಿಲಿ ಆಂಪೇರ್ ಎಂದರೆ 0.05 ಆಂಪೇರ್. 24 ಗಂಟೆಗೆ 1.2 ಆಂಪೇರ್-ಗಂಟೆ. ಸಣ್ಣ ಕಾರಿನ ಬ್ಯಾಟರಿಯ ಸಾಮರ್ಥ್ಯ 35 ಆಂಪೇರ್-ಗಂಟೆ ಎಂದಿಟ್ಟುಕೊಂಡರೆ 29 ದಿನಕ್ಕೆ ಅದು ಬರಿದು. ಎಂಜಿನ್ ತಿರುಗಿಸುವ ಶಕ್ತಿಯಂತೂ ಅದಕ್ಕೆ ಬಹಳ ಮೊದಲೇ ಕುಂದುತ್ತದೆ. ಲಾಕ್‌ಡೌನಿನ 68 ದಿನಕ್ಕೆ ಇದೇ ಲೆಕ್ಕದಲ್ಲಿ ಬೇಕಾಗಿದ್ದುದು 81.6 ಆಂಪೇರ್-ಗಂಟೆ. ಎರಡು ಬ್ಯಾಟರಿಗಳಿದ್ದರೂ ಸಾಲದು!

ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಇನ್ನೊಂದು ಕೇಡು. ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಅನಂತರ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ-ಆಮ್ಲದ ಬ್ಯಾಟರಿಯನ್ನು ರೂಪಿಸಿದಂದಿನಿಂದ ಇಂದಿನ ತನಕ ಆ ಜಾತಿಯ ಗುಣ ಅದೇ. ತುಂಬಿದ್ದಾಗ ಸುಖ, ಬರಿದಾದಾಗ ಕಾಯಿಲೆ.

ಎರಡು ಬಗೆಯ ನೆನಪು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಬ್ಯಾಟರಿ ಕಳಚಿದರೆ ಕಾರು ಕಳೆದುಕೊಳ್ಳುವುದು ಏನೂ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲೂ ಇದ್ದದ್ದು ಕಾರ್ಬುರೇಟರ್. ಅದನ್ನು ಸ್ಕ್ರೂಡ್ರೈವರಿನಿಂದ ಹೊಂದಿಸಿದರೆ ಹೊಂದಿಸಿದ ಹಾಗೇ ಇರುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದಂತೆ ಇಂಧನವನ್ನು ಅಳೆದು ಸುರಿಯುವ ಕೆಲಸ ಕಂಪ್ಯೂಟರಿನ ಪಾಲಿಗೆ ಬಂತು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ನಿಯಮದ ಕಾರಿನಲ್ಲಿ ಇಂಥ ನಿಯಂತ್ರಕಗಳು ಒಂದೆರಡಲ್ಲ, ಹಲವಾರು.

ಈ ಕಂಪ್ಯೂಟರುಗಳಿಗೆ ಎರಡು ಬಗೆಯ ನೆನಪುಂಟು. ಒಂದು ಕಲ್ಲಿನಲ್ಲಿ ಕೊರೆದಂಥದು, ಇನ್ನೊಂದು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂಥದು. ವಿದ್ಯುತ್ತು ಹೋದರೂ ಮೊದಲನೆಯದು ಅಳಿಯದು. ಎಂಜಿನ್ ನಡೆಸುವ ಮೂಲ ಆದೇಶಗಳು, ಒಟ್ಟು ಓಡಿದ ಕಿಲೋಮೀಟರ್, ಬೀಗದ ಕೈಯ ಗುರುತು, ಇವೆಲ್ಲ ಅಲ್ಲಿವೆ. ಬ್ಯಾಟರಿ ಕಳಚಿದರೆ ಇವು ಹೋಗುತ್ತವೆಂಬ ಭಯ ಬೇಡ.

ಎರಡನೆಯದು ಹರಿಯುವ ವಿದ್ಯುತ್ತಿನ ಆಸರೆಯಲ್ಲೇ ಬದುಕುವಂಥದು. ಗಡಿಯಾರದ ಸಮಯ, ರೇಡಿಯೋದಲ್ಲಿ ಆರಿಸಿಟ್ಟ ನಿಲಯಗಳು, ಲೀಟರಿಗೆ ಎಷ್ಟು ಓಡಿತೆಂಬ ಸರಾಸರಿ, ಒಂದೇ ಸಲ ಒತ್ತಿದರೆ ಪೂರ್ತಿ ಏರುವ ಕಿಟಕಿಯ ಗಾಜಿನ ಮಿತಿ ಇಂಥವು ಎಷ್ಟೋ ಕಾರುಗಳಲ್ಲಿ ಅಳಿಸಿಹೋಗುತ್ತವೆ. ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ಗಾಳಿ ಎಷ್ಟು ಬೇಕು, ಇಂಧನ ಎಷ್ಟು ಬೇಕು ಎಂದು ಕಾರು ಓಡುತ್ತ ಓಡುತ್ತ ಕಲಿತುಕೊಂಡ ಪಾಠವೂ ಕೆಲವು ಕಾರುಗಳಲ್ಲಿ ಇದರ ಜತೆಗೆ ಹೋಗುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರು ಕೆಲವು ದಿನ ಗೇರು ಬದಲಿಸುವಾಗ ತುಸು ಎಳೆದಾಡಬಹುದು.

ಪಟ್ಟಿ ಉದ್ದವಾಗಿ ಕಂಡರೂ ಹೆಚ್ಚಿನವು ಮರಳಿ ಬರುವಂಥವೇ. ತೊಂದರೆ ಕೊಡುವುದು ಮುಖ್ಯವಾಗಿ ಒಂದು: ಕೆಲವು ಕಾರುಗಳ ರೇಡಿಯೋ, ವಿದ್ಯುತ್ತು ಕಡಿದು ಮತ್ತೆ ಬಂದಾಗ ತನ್ನನ್ನು ಯಾರೋ ಕದ್ದರೆಂದು ತಿಳಿದು ಗುಪ್ತ ಸಂಖ್ಯೆ ಕೇಳುತ್ತದೆ. ಆ ಸಂಖ್ಯೆ ಕಾರಿನ ಜತೆ ಬಂದ ಕಾಗದಪತ್ರಗಳಲ್ಲಿ ಇರುತ್ತದೆ. ಅದನ್ನು ಮೊದಲೇ ಹುಡುಕಿ ಬರೆದಿಡಬೇಕು. ತಂತಿ ಕಳಚಿದ ಮೇಲೆ ಹುಡುಕಲು ಹೊರಡುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಮೊದಲು ಋಣ, ಅನಂತರ ಧನ

ಬ್ಯಾಟರಿಯಲ್ಲಿ ಎರಡು ಧ್ರುವಗಳು. ಧನ ಧ್ರುವಕ್ಕೆ + ಗುರುತು, ಋಣ ಧ್ರುವಕ್ಕೆ – ಗುರುತು. ಧನದ ಕಂಬ ತುಸು ದಪ್ಪ, ಋಣದ್ದು ತುಸು ಸಪೂರ. ಸಾಮಾನ್ಯವಾಗಿ ಧನದ ಮೇಲೆ ಕೆಂಪು ಟೊಪ್ಪಿ ಇರುತ್ತದೆ. ಆದರೆ ತಂತಿಯ ಬಣ್ಣವನ್ನಷ್ಟೇ ನಂಬದೆ ಬ್ಯಾಟರಿಯ ಮೇಲಿನ ಗುರುತನ್ನೇ ನೋಡಬೇಕು.

ಕಳಚುವಾಗ ಮೊದಲು ಋಣ ಎಂದು ಮೆಕ್ಯಾನಿಕ್‌ಗಳು ಹೇಳುತ್ತಾರೆ. ಏಕೆ ಎಂದು ಕೇಳಿದರೆ ‘ಅದು ಹಾಗೆಯೇ’ ಎನ್ನುವವರೂ ಉಂಟು. ಕಾರಣ ಸರಳ. ಇಂದಿನ ಕಾರುಗಳಲ್ಲಿ ಋಣ ಧ್ರುವವನ್ನು ಕಾರಿನ ಲೋಹದ ಮೈಗೇ ಜೋಡಿಸಿರುತ್ತಾರೆ. ಆದ್ದರಿಂದ ಕಾರಿನ ಇಡೀ ಮೈ ಒಂದು ದೊಡ್ಡ ಋಣ ಧ್ರುವ. ಋಣದ ನಟ್ಟು ತಿರುಗಿಸುವಾಗ ಸ್ಪ್ಯಾನರು ಜಾರಿ ಕಾರಿನ ಮೈಗೆ ತಗುಲಿದರೆ ಏನೂ ಆಗದು, ಎರಡೂ ಒಂದೇ. ಅದೇ ಮೊದಲು ಧನದ ನಟ್ಟಿಗೆ ಕೈ ಹಾಕಿದಾಗ ಸ್ಪ್ಯಾನರು ಮೈಗೆ ತಗುಲಿದರೆ ಎರಡು ಧ್ರುವಗಳು ಸ್ಪ್ಯಾನರಿನ ಮೂಲಕ ನೇರ ಕೂಡುತ್ತವೆ.

ಆಗ ಎಷ್ಟು ವಿದ್ಯುತ್ತು ಹರಿಯುತ್ತದೆ? ಓಮ್‌ನ ನಿಯಮ ಹೇಳಲಿ. ಬ್ಯಾಟರಿ 12 ವೋಲ್ಟ್. ದಾರಿಯಲ್ಲಿರುವ ಒಟ್ಟು ರೋಧ 0.01 ಓಮ್ ಎಂದಿಟ್ಟುಕೊಳ್ಳಿ. 12ನ್ನು 0.01ರಿಂದ ಭಾಗಿಸಿದರೆ 1200 ಆಂಪೇರ್! ಮನೆಯ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪೇರ್ ಮಾತ್ರ. ಸ್ಪ್ಯಾನರು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಕಿಡಿ ಹಾರುತ್ತದೆ. ಬೆರಳಲ್ಲಿ ಉಂಗುರವಿದ್ದು ಅದೇ ನಡುವೆ ಸಿಕ್ಕಿದರೆ ಬೆರಳಿನ ಗತಿ ಹೇಳುವುದೇ ಬೇಡ. ‘12 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ’ ಎಂಬ ಮಾತು ನಿಜ. ಆದರೆ ಇಲ್ಲಿ ಅಪಾಯವಿರುವುದು ಶಾಕ್‌ನಲ್ಲಿ ಅಲ್ಲ, ಶಾಖದಲ್ಲಿ.

ಕಿಡಿಗೆ ಇನ್ನೊಂದು ಜತೆಗಾರನಿದ್ದಾನೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಬ್ಯಾಟರಿ ಸಿಡಿದರೆ ಎರಚುವುದು ಗಂಧಕಾಮ್ಲ. ಆದ್ದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕುವುದು, ಬೀಡಿ ಸಿಗರೇಟು ದೂರವಿಡುವುದು ಅಲಂಕಾರದ ಮಾತಲ್ಲ. ಆಮ್ಲ ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ವೈದ್ಯರಲ್ಲಿಗೆ ಓಡಬೇಕು.

ಕಳಚುವ ಕ್ರಮ

ಕಾರನ್ನು ಸಮತಟ್ಟು ಜಾಗದಲ್ಲಿ, ಗಾಳಿಯಾಡುವಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ. ದೀಪ, ಫ್ಯಾನು, ರೇಡಿಯೋ ಎಲ್ಲ ಆರಿಸಿ. ಬೀಗದ ಕೈಯನ್ನು ಹೊರತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಗುಂಡಿ ಒತ್ತಿ ಹೊರಡುವ ಕಾರಾದರೆ ಕೈಯನ್ನು ಕಾರಿನಿಂದ ಕೆಲವು ಮೀಟರ್ ದೂರವಿಡಿ. ಕೀಲಿಯೊಳಗೇ ಅಡಗಿರುವ ಲೋಹದ ಕೀಲಿ ಎಲ್ಲಿದೆಯೆಂದು ಮೊದಲೇ ನೋಡಿಕೊಳ್ಳಿ, ಏಕೆಂದರೆ ಬ್ಯಾಟರಿ ಕಳಚಿದ ಮೇಲೆ ಬಾಗಿಲಿಗೆ ಅದೊಂದೇ ಗತಿ.

ಬಾನೆಟ್ ತೆರೆದಿಟ್ಟು ಬಾಗಿಲುಗಳನ್ನು ಮುಚ್ಚಿ ಹತ್ತು ನಿಮಿಷ ಸುಮ್ಮನಿರಿ. ಕಾರಿನ ಕಂಪ್ಯೂಟರುಗಳು ತಾವು ಬರೆದಿಡಬೇಕಾದ್ದನ್ನು ಬರೆದಿಟ್ಟು ಮಲಗಲು ಅಷ್ಟು ಹೊತ್ತು ಬೇಕಾಗಬಹುದು. ಉಂಗುರ, ಕೈಗಡಿಯಾರ, ಸರ ತೆಗೆದಿಡಿ. ಅನಂತರ ಸರಿಯಾದ ಅಳತೆಯ ಸ್ಪ್ಯಾನರಿನಿಂದ (ಹೆಚ್ಚಾಗಿ 10 ಮಿ.ಮೀ.) ಋಣದ ನಟ್ಟು ಸಡಿಲಿಸಿ, ತಂತಿಯ ತುದಿಯನ್ನು ಮೇಲಕ್ಕೆತ್ತಿ, ಒಣ ಬಟ್ಟೆ ಸುತ್ತಿ, ಕಂಬಕ್ಕೆ ಮತ್ತೆ ತಾಗದಂತೆ ಬದಿಗೆ ಕಟ್ಟಿ. ಕಾರನ್ನು ನಿಲ್ಲಿಸಿಡಲು ಇಷ್ಟೇ ಸಾಕು. ಬ್ಯಾಟರಿಯನ್ನೇ ಹೊರತೆಗೆಯಬೇಕಾದರೆ ಮಾತ್ರ ಧನದ ತಂತಿ, ಬಳಿಕ ಹಿಡಿಕೆಯ ಪಟ್ಟಿ. ಜೋಡಿಸುವಾಗ ಇದರ ತಿರುಗುಮುರುಗು: ಮೊದಲು ಧನ, ಕೊನೆಗೆ ಋಣ.

ಎಂಜಿನ್ ಓಡುತ್ತಿರುವಾಗ ಎಂದೂ ಕಳಚಬೇಡಿ. ಹಿಂದೆ ಡೈನಮೋ ಸರಿಯಿದೆಯೇ ಎಂದು ಪರೀಕ್ಷಿಸಲು ಹೀಗೆ ಮಾಡುವ ರೂಢಿಯಿತ್ತು. ಇಂದು ಆಲ್ಟರ್ನೇಟರಿನ ವಿದ್ಯುತ್ತು ಹೋಗಲು ಬ್ಯಾಟರಿಯಿಲ್ಲದೆ ವೋಲ್ಟೇಜು ಒಮ್ಮೆಲೆ ಹತ್ತಾರು ವೋಲ್ಟ್ ಜಿಗಿದು ಕಂಪ್ಯೂಟರನ್ನೇ ಸುಡಬಹುದು. ಆಗ ಹೋಗುವುದು ನೆನಪಲ್ಲ, ಮಿದುಳೇ.

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲುಗಳಿವೆ. ಅವು ನೂರಾರು ವೋಲ್ಟಿನವು. ಅವನ್ನು ಮುಟ್ಟುವುದು ತರಬೇತಾದವರ ಕೆಲಸ ಮಾತ್ರ.

ನೆನಪು ಉಳಿಸುವ ಉಪಾಯ

ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಕೂರಿಸುವ ಹದಿನೈದು ನಿಮಿಷ ಕಾರಿಗೆ ಬೇರೆ ಕಡೆಯಿಂದ ಅಷ್ಟಿಷ್ಟು ವಿದ್ಯುತ್ತು ಒದಗಿಸಿದರೆ ಸೀಮೆಸುಣ್ಣದ ಬರಹವೂ ಅಳಿಯುವುದಿಲ್ಲ. ಇದಕ್ಕೆಂದೇ ‘ಮೆಮೊರಿ ಸೇವರ್’ ಎಂಬ ಸಲಕರಣೆ ಸಿಗುತ್ತದೆ. ಒಂದು ಸಣ್ಣ 12 ವೋಲ್ಟಿನ ಬ್ಯಾಟರಿ, ಒಂದು ಫ್ಯೂಸು, ಒಂದು ತಂತಿ. ಅದನ್ನು ಸ್ಟಿಯರಿಂಗಿನ ಕೆಳಗಿರುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಆ ಸಾಕೆಟ್ಟಿನ 16ನೆಯ ಪಿನ್ ಬ್ಯಾಟರಿಯ ಧನಕ್ಕೆ, 4ನೆಯದು ಕಾರಿನ ಮೈಗೆ ಸೇರಿರುವುದು ಎಲ್ಲ ಕಂಪನಿಗಳಿಗೂ ಸಮಾನ.

9 ವೋಲ್ಟಿನ ಪುಟ್ಟ ಬ್ಯಾಟರಿಯನ್ನು ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಹಾಕುವ ಹಳೆಯ ಉಪಾಯವೂ ಉಂಟು. ಆದರೆ ಈಗಿನ ಬಹಳಷ್ಟು ಕಾರುಗಳಲ್ಲಿ ಕೀಲಿ ತೆಗೆದೊಡನೆ ಆ ಸಾಕೆಟ್ಟಿನ ಸಂಪರ್ಕ ಕಡಿಯುತ್ತದೆ. ಕಡಿಯದಿದ್ದರೂ, ಯಾರಾದರೂ ಬಾಗಿಲು ತೆರೆದು ಒಳಗಿನ ದೀಪ ಹತ್ತಿದರೆ ಆ ಪುಟ್ಟ ಬ್ಯಾಟರಿ ಸುಸ್ತಾಗುತ್ತದೆ.

ಇಲ್ಲಿಯೇ ಮುಖ್ಯವಾದ ಒಂದು ಎಚ್ಚರಿಕೆ. ಮೆಮೊರಿ ಸೇವರ್ ಸಿಕ್ಕಿಸಿದ ಮೇಲೆ ಕಾರು ಸತ್ತಿಲ್ಲ, ಜೀವಂತವಾಗಿದೆ. ಬ್ಯಾಟರಿಯಿಂದ ಕಳಚಿದ ಧನದ ತಂತಿಯ ತುದಿಯಲ್ಲಿ ಈಗಲೂ 12 ವೋಲ್ಟ್ ಇದೆ. ಅದು ಕಾರಿನ ಮೈಗೆ ತಾಗಿದರೆ ಕಿಡಿ ಹಾರುವುದು ಖಂಡಿತ. ಫ್ಯೂಸು ಹಾರಿ ನೆನಪೂ ಹೋಗುತ್ತದೆ. ಆದ್ದರಿಂದ ಕಳಚಿದ ಕೂಡಲೇ ಆ ತುದಿಗೆ ದಪ್ಪ ರಬ್ಬರು ಸುತ್ತಬೇಕು. ನೆನಪನ್ನು ಉಳಿಸುವ ಬೆಲೆ ಎಂದರೆ ಇದೇ. ಸುರಕ್ಷತೆಗಾಗಿ ಯಾವ ವಿದ್ಯುತ್ತನ್ನು ಕಡಿಯಹೊರಟೆವೋ ಅದನ್ನೇ ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟಂತೆ.

ನೆನಪಿನ ಆಸೆ ಬಿಡಬೇಕಾದಾಗ

ಹಾಗಾದರೆ ಯಾವಾಗ ಬಳಸಬಹುದು, ಯಾವಾಗ ಕೂಡದು? ಬ್ಯಾಟರಿ ಬದಲಿಸುವುದಷ್ಟೇ ಕೆಲಸವಾದರೆ ಬಳಸಬಹುದು. ಏರ್‌ಬ್ಯಾಗಿನ ಹತ್ತಿರದ ಕೆಲಸ, ತಂತಿಗಳ ರಿಪೇರಿ, ವೆಲ್ಡಿಂಗ್, ಅಪಘಾತವಾದ ಕಾರು, ಇಲ್ಲೆಲ್ಲ ಕೂಡದು. ಅಲ್ಲಿ ವಿದ್ಯುತ್ತು ಪೂರ್ತಿ ಹೋಗಬೇಕೆಂಬುದೇ ಉದ್ದೇಶ.

2020ರ ಸೆಪ್ಟೆಂಬರ್ 20ರ ಹೊತ್ತಿಗೆ ಉಡುಪಿ ಕಂಡ ನೆರೆಯನ್ನು ನೆನೆಯಿರಿ. ಒಂದೇ ರಾತ್ರಿಯ ಮಳೆಗೆ ತಗ್ಗಿನ ಮನೆಗಳಿಗೂ ಅಂಗಳದ ವಾಹನಗಳಿಗೂ ನೀರು ನುಗ್ಗಿತು. ನೀರು ಹೊಕ್ಕ ಕಾರಿನಲ್ಲಿ ಗಡಿಯಾರದ ಚಿಂತೆ ಮಾಡುವುದು ಅವಿವೇಕ. ಕೀಲಿ ತಿರುಗಿಸಲೇಬಾರದು. ನೀರು ಇಳಿದ ಮೇಲೆ ಋಣದ ತಂತಿ ಕಳಚಿ, ಎಳೆದುಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಮಣಿಪಾಲದ ಎಂಐಟಿಯ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ಎಂಬ ತಂಡ ಕಟ್ಟಿ ಸ್ಪರ್ಧೆಯ ಕಾರು ತಯಾರಿಸುತ್ತಾರೆ. ಅಂಥ ಸ್ಪರ್ಧೆಗಳಲ್ಲಿ ಒಂದೇ ಏಟಿಗೆ ಕಾರಿನ ವಿದ್ಯುತ್ತನ್ನೆಲ್ಲ ಕಡಿಯುವ ಮುಖ್ಯ ಸ್ವಿಚ್ಚು ಕಡ್ಡಾಯ. ಅಪಾಯದ ಗಳಿಗೆಯಲ್ಲಿ ಕಾರಿನ ನೆನಪು ಉಳಿಯಿತೇ ಎಂದು ಯಾರೂ ಕೇಳುವುದಿಲ್ಲ.

ಇನ್ನು ತಿಂಗಳುಗಟ್ಟಲೆ ನಿಲ್ಲಿಸುವ ಕಾರಿಗೆ ಮೆಮೊರಿ ಸೇವರ್ ನಿಷ್ಪ್ರಯೋಜಕ. ಕೆಲವೇ ದಿನಕ್ಕೆ ಅದೇ ಬರಿದಾಗುತ್ತದೆ. ಅದಕ್ಕೆ ಎರಡು ದಾರಿ. ಕೊಟ್ಟಿಗೆಯಲ್ಲಿ ಕರೆಂಟಿದ್ದು, ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ, ತುಂಬಿದ ಮೇಲೆ ತಾನೇ ಇಳಿದು ಸುಮಾರು 13.5 ವೋಲ್ಟಿನಲ್ಲಿ ನಿಲ್ಲುವ ಚಾರ್ಜರು ಒಳ್ಳೆಯದು. ನೆನಪೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಇಲ್ಲವಾದರೆ ಋಣದ ತಂತಿ ಕಳಚಿ, ಸಣ್ಣಪುಟ್ಟ ಮರೆವನ್ನು ಒಪ್ಪಿಕೊಳ್ಳುವುದು. ಊರಿನಲ್ಲೇ ಇರುವವರಿಗಂತೂ ಎರಡೂ ಬೇಡ. ವಾರಕ್ಕೊಮ್ಮೆ ಕಾರ್ಕಳದಿಂದ ಉಡುಪಿಗೆ ಹೋಗಿಬರುವಷ್ಟು ಓಡಿಸಿದರೆ ಸಾಕು. ಅಂಗಳದಲ್ಲೇ ಐದು ನಿಮಿಷ ಎಂಜಿನ್ ಗುರ್ರೆನಿಸಿ ನಿಲ್ಲಿಸಿದರೆ, ಸ್ಟಾರ್ಟ್ ಮಾಡಲು ಖರ್ಚಾದದ್ದೇ ಪೂರ್ತಿ ಮರಳದಿರಬಹುದು.

ಉಪ್ಪುಗಾಳಿಯ ಉಪದ್ರವ

ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭದ ಸುತ್ತ ಬೀಸುವ ಗಾಳಿಯಲ್ಲಿ ಉಪ್ಪಿನಂಶವುಂಟು. ಕಡಲಂಚಿನ ಮನೆಗಳ ಕಿಟಕಿ ಸರಳನ್ನು ತಿನ್ನುವ ಆ ಗಾಳಿ ಬ್ಯಾಟರಿಯ ತುದಿಗಳನ್ನು ಬಿಟ್ಟೀತೇ? ಅದರ ಜತೆಗೆ ಒಳಗಿನ ಆಮ್ಲದ ಆವಿಯೂ ಸೇರಿ ತುದಿಗಳ ಮೇಲೆ ಬಿಳಿ, ಹಸಿರು, ನೀಲಿ ಹಿಟ್ಟು ಬೆಳೆಯುತ್ತದೆ. ನೀಲಿ ಹಸಿರು ಬಣ್ಣ ತಾಮ್ರದ ಲವಣದ್ದು. ಈ ಹಿಟ್ಟು ವಿದ್ಯುತ್ತಿಗೆ ಅಡ್ಡಗಟ್ಟೆ. ಬ್ಯಾಟರಿ ಹಾಳೆಂದು ಹೊಸದು ಕೊಳ್ಳುವ ಮುನ್ನ ತುದಿಗಳನ್ನು ಒಮ್ಮೆ ನೋಡುವುದು ಲೇಸು.

ಎರಡೂ ತಂತಿ ಕಳಚಿದ ಮೇಲೆ, ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನೊರೆ ಬಂದರೆ ಮಕ್ಕಳಿಗೆ ತೋರಿಸಿ: ಆಮ್ಲವೂ ಸೋಡಾವೂ ಕೂಡಿ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತಿದೆ. ಸೋಡಾ ನೀರು ಬ್ಯಾಟರಿಯ ಒಳಕ್ಕೆ ಮಾತ್ರ ಇಳಿಯಬಾರದು. ಒಣಗಿಸಿ, ಬಿಗಿಯಾಗಿ ಜೋಡಿಸಿ, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಒಂದು ಮಳೆಗಾಲಕ್ಕೆ ನಿಶ್ಚಿಂತೆ.

ಮತ್ತೆ ಜೋಡಿಸಿದ ಮೇಲೆ

ಗಡಿಯಾರ ಸರಿಪಡಿಸಿ. ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಗುಂಡಿಯನ್ನು ಕೆಲವು ಸೆಕೆಂಡು ಹಾಗೆಯೇ ಹಿಡಿಯಿರಿ. ಹೆಚ್ಚಿನ ಕಾರುಗಳಿಗೆ ಇದರಿಂದ ಗಾಜಿನ ಮಿತಿ ನೆನಪಾಗುತ್ತದೆ. ಎಂಜಿನನ್ನು ಕೆಲವು ನಿಮಿಷ ಎ.ಸಿ. ಇಲ್ಲದೆ ಸುಮ್ಮನೆ ತಿರುಗಲು ಬಿಡಿ. ಮೊದಲ ಒಂದೆರಡು ದಿನ ಎಂಜಿನ್ ತುಸು ಏರುಪೇರಾದರೆ ಗಾಬರಿ ಬೇಡ, ಅದು ಮರೆತ ಪಾಠವನ್ನು ಮತ್ತೆ ಓದುತ್ತಿದೆ. ಎಚ್ಚರಿಕೆಯ ದೀಪ ಆರದೆ ಉಳಿದರೆ ಮಾತ್ರ ಗ್ಯಾರೇಜಿಗೆ ಒಯ್ಯಿರಿ. ಇವೆಲ್ಲದರ ಖಚಿತ ಕ್ರಮ ಕಾರಿನ ಕೈಪಿಡಿಯಲ್ಲಿದೆ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಿದ ಅಂಗಡಿಗೇ ಮರಳಿಸಿ, ಸೀಸ ವಿಷ.

ಮಕ್ಕಳು ಈ ಕೆಲಸವನ್ನು ದೊಡ್ಡವರ ಎದುರಿನಲ್ಲೇ ಮಾಡಬೇಕು. ದೊಡ್ಡವರು ಮಾಡುವಾಗ ಮಕ್ಕಳನ್ನು ಓಡಿಸದೆ ಪಕ್ಕದಲ್ಲಿ ನಿಲ್ಲಿಸಿಕೊಂಡು ‘ಮೊದಲು ಋಣ ಏಕೆ?’ ಎಂದು ಕೇಳಬೇಕು. ಉತ್ತರ ಸರಿಯಾಗಿ ಬಂದರೆ ಮುಂದಿನ ಸಲ ಸ್ಪ್ಯಾನರನ್ನು ಆ ಕೈಗೆ ಕೊಡಬಹುದು.

ಈ ವಾರದ ಲೆಕ್ಕ

ಒಂದು ಕಾರಿನ ಬ್ಯಾಟರಿ 45 ಆಂಪೇರ್-ಗಂಟೆಯದು. ನಿಂತಾಗ ಅದು ಎಳೆಯುವುದು 20 ಮಿಲಿ ಆಂಪೇರ್. ಬ್ಯಾಟರಿ ಅರ್ಧಕ್ಕಿಳಿಯಲು ಎಷ್ಟು ದಿನ ಬೇಕು? ಮನೆಮಂದಿ ಎರಡು ತಿಂಗಳ ರಜೆಗೆ ಹೊರಟಿದ್ದರೆ ತಂತಿ ಕಳಚಬೇಕೇ, ಬೇಡವೇ? (ಉತ್ತರ: ಸುಮಾರು 47 ದಿನ, ಕಳಚುವುದೇ ಜಾಣತನ.)